ಸರಳಾ ಎರಡನೇ ಸಲ ಈಜಿಪ್ಟ್ ನೋಡಿದ್ದು

ಸಿಂಗಪುರದ ನಮ್ಮ ಕನ್ನಡದವರಲ್ಲಿ ಈಜಿಪ್ಟ್ ಅಂದರೆ ಸುಭಾಷ್, ಸುಭಾಷ್ ಅಂದರೆ ಈಜಿಪ್ಟ್. ಹನ್ನೆರಡು ವರ್ಷದಿಂದ ಹೀಗೇ ನಡೆದುಬಂದಿದೆ. ಯುಗಾದಿ ಇರಲಿ, ರಾಜ್ಯೋತ್ಸವ ಇರಲಿ, ಯಾರದೋ ಕಾಂಡೋ ಅಪಾರ್ಟ್‌ಮೆಂಟಿನ ಫಂಕ್ಷನ್ ರೂಮಿನಲ್ಲಿ ಮಕ್ಕಳ ಡಾನ್ಸ್ ಮುಗಿದು ಊಟಕ್ಕೆ ಇನ್ನೂ ಅರ್ಧ ಗಂಟೆ ಇದೆ ಎನ್ನುವಾಗ ಪ್ರೊಜೆಕ್ಟರ್ ಹೊತ್ತಿಕೊಳ್ಳುತ್ತದೆ. ಪಿರಮಿಡ್ಡಿನ ಮುಂದೆ ಟೋಪಿ ಹಾಕಿಕೊಂಡು ನಿಂತ ಸುಭಾಷ್ ಗೋಡೆಯ ಮೇಲೆ ಮೂಡುತ್ತಾನೆ. ಗೋಡೆಯ ಮುಂದೆ, ಅದೇ ಟೋಪಿ ಹಾಕಿಕೊಂಡು, ನಿಜವಾದ ಸುಭಾಷ್ ನಿಂತಿರುತ್ತಾನೆ.

ನಾನು ಬರೆಯಲು ಹೊರಟಿರುವುದು ಅವನ ಹೆಂಡತಿ ಸರಳಾಳ ಬಗ್ಗೆ. ಆದರೆ ಅವಳ ಬಗ್ಗೆ ಏನು ಬರೆಯಬೇಕಾದರೂ ಮೊದಲು ಸುಭಾಷನನ್ನು ದಾಟಿ ಹೋಗಬೇಕು. ಅವನು ಸದಾ ಬಾಗಿಲಿಗೆ ಅಡ್ಡ ನಿಂತಿರುತ್ತಾನೆ.

ಅವನಿಗೆ ತಂಜಾಂಗ್ ಪಗಾರಿನ ಒಂದು ಬ್ಯಾಂಕಿನಲ್ಲಿ ಕೆಲಸ. ಬೇರೆಯವರು ಬರೆದುಕೊಟ್ಟಿದ್ದಕ್ಕೆಲ್ಲ ಆಧಾರ ಎಲ್ಲಿ, ಸಹಿ ಎಲ್ಲಿ, ಕಣ್ಣಾರೆ ನೋಡಿದವರು ಯಾರು ಎಂದು ದಿನವಿಡೀ ಕೇಳುವುದೇ ಅವನ ಉದ್ಯೋಗ. ಸರಳಾ ಪಾಯಾ ಲೆಬಾರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಇಪ್ಪತ್ತು ಜನರ ಟೆಸ್ಟಿಂಗ್ ತಂಡ ನಡೆಸುತ್ತಾಳೆ. ಇಬ್ಬರೂ ಬೆಂಗಳೂರಿನವರು. ವುಡ್‌ಲ್ಯಾಂಡ್ಸ್‌ನ ನಮ್ಮ ಬ್ಲಾಕಿನಲ್ಲಿ ಅವರದು ಹನ್ನೊಂದನೇ ಮಹಡಿ, ನಮ್ಮದು ಒಂಬತ್ತು. ನಾನು ಉಡುಪಿ ಕಡೆಯವಳು. ನನ್ನ ಗಂಡ ಸುಧೀರ್ ಮತ್ತು ಸುಭಾಷ್ ಒಂದೇ ಎಂಆರ್‌ಟಿ ರೈಲು ಹಿಡಿಯುವವರು. ಸುಭಾಷ್, ಸರಳಾ ಮೊದಲ ಸಲ ಈಜಿಪ್ಟಿಗೆ ಹೋದಾಗ ಅವರ ಎಂಟು ವರ್ಷದ ಮಗಳು ವರ್ಣಿಕಾಳನ್ನು ಹತ್ತು ದಿನ ನೋಡಿಕೊಂಡವಳು ನಾನೇ.

ಹೋಗಿ ಬಂದ ತಿಂಗಳಿಗೆ ಯಾವುದೋ ಕಾರ್ಯಕ್ರಮದಲ್ಲಿ ಹಾಡಬೇಕಾದವರು ಗಂಟಲು ಕೆಟ್ಟು ಬರಲಿಲ್ಲ. "ಸುಭಾಷ್, ಈಜಿಪ್ಟ್ ಬಗ್ಗೆ ಒಂದ್ ಹತ್ತು ನಿಮಿಷ ಮಾತಾಡ್ಬಿಡಿ" ಎಂದರು. ಅವನು ಐವತ್ತು ನಿಮಿಷ ಮಾತಾಡಿದ. ಅಂದಿನಿಂದ ಇಂದಿನವರೆಗೆ ನಿಲ್ಲಿಸಿಲ್ಲ. ಅಷ್ಟೂ ಭಾಷಣಗಳಲ್ಲಿ ಸರಳಾ ಹಿಂದಿನ ಮೇಜಿನ ಹತ್ತಿರ ಟೀ ಫ್ಲಾಸ್ಕ್ ಮತ್ತು ಪೇಪರ್ ಕಪ್ಪುಗಳ ಜೊತೆ ಇರುತ್ತಿದ್ದಳು. ನಾನು ಅವಳ ಪಕ್ಕ ಸಮೋಸ ಎಣಿಸುತ್ತಿದ್ದೆ.

ಭಾಷಣದ ತುತ್ತತುದಿ ಎಂದರೆ ಸಂಡಿಗೆ. ಸುಭಾಷ್ ಲೈಟು ಆರಿಸಲು ಹೇಳಿ ದನಿ ತಗ್ಗಿಸುತ್ತಾನೆ.

"ರಾಜರ ಕಣಿವೆ. ಎರಡನೇ ಸಮಾಧಿ. ಎಡಗಡೆ ಗೋಡೆ. ನಾನು ಕಣ್ಣಾರೆ ಕಂಡಿದ್ದು ಹೇಳ್ತಾ ಇದೀನಿ. ಒಬ್ಬ ಹೆಂಗಸು ಬಿಸಿಲಲ್ಲಿ ಸಾಲಾಗಿ ಏನೋ ಇಡ್ತಾ ಇದಾಳೆ. ಬಿಳೀದು, ರೌಂಡ್ ರೌಂಡು. ಕೈಯಲ್ಲಿ ಕೋಲು. ಪಕ್ಕದಲ್ಲಿ ಕಾಗೆ. ಏನಿರಬಹುದು ಹೇಳಿ."

ಸಭೆಗೆ ಸಭೆಯೇ "ಸಂಡಿಗೆ" ಎನ್ನುತ್ತದೆ. ಚಪ್ಪಾಳೆ ಬೀಳುತ್ತದೆ. ಒಂದು ಸಲ ವರ್ಣಿಕಾ ನನ್ನ ಕಿವಿಯಲ್ಲಿ, "ಆಂಟಿ, ಎವ್ರಿ ಇಯರ್ ಸೇಮ್ ಸ್ಟೋರಿ ಲಾ, ಜನ ಯಾಕೆ ಕ್ಲ್ಯಾಪ್ ಮಾಡ್ತಾರೆ" ಎಂದು ಸಿಂಗಪುರದ ಮಕ್ಕಳ ಧಾಟಿಯಲ್ಲಿ ಕೇಳಿದ್ದಳು. ನಾನೂ ತಟ್ಟುತ್ತಿದ್ದೆ. ಮೂರು ಸಾವಿರ ವರ್ಷದ ಹಿಂದೆ ಯಾವನೋ ರಾಜನ ಊರಿನಲ್ಲಿ ನಮ್ಮ ಅಜ್ಜಿಯ ಹಾಗೆ ಒಬ್ಬಳು ಕಾಗೆ ಓಡಿಸುತ್ತಿದ್ದಳು ಎಂದರೆ ಯಾರಿಗೆ ಖುಷಿಯಾಗುವುದಿಲ್ಲ.

ಅತಿ ಹೆಚ್ಚು ಖುಷಿಯಾದದ್ದು ಅಶ್ವತ್ಥನಾರಾಯಣ ಅಂಕಲ್‌ಗೆ. ಹಡಗು ಕಂಪನಿಯಿಂದ ನಿವೃತ್ತರಾಗಿ, ಸಂಶೋಧನೆಗೆ ಇಳಿದವರು. ಸಂಶೋಧನೆ ಎಂದರೆ ಲೋಕದ ಯಾವ ಮೂಲೆಯಲ್ಲಿ ಏನೇ ಒಳ್ಳೆಯದು ಕಂಡರೂ ಅದು ಕರ್ನಾಟಕದಿಂದ ಹೋಗಿದ್ದು ಎಂದು ಬರೆಯುವುದು. ನಮ್ಮ ಕನ್ನಡ ಸಂಘದ ಸ್ಮರಣ ಸಂಚಿಕೆಯಲ್ಲಿ 'ನೈಲ್ ತೀರದಲ್ಲಿ ಸಂಡಿಗೆ' ಎಂದು ಮೂರು ಕಂತು ಬರೆದರು. ನಾಲ್ಕನೆಯದಕ್ಕೆ ಅವರಿಗೆ ಚಿತ್ರ ಬೇಕಿತ್ತು. ಸುಭಾಷ್ ಪ್ರತಿ ಸಲವೂ ಒಂದೇ ಉತ್ತರ ಕೊಡುತ್ತಿದ್ದ: "ಆಗ ಒಳಗೆ ಫೋಟೋ ಬ್ಯಾನ್ ಇತ್ತು ಅಂಕಲ್."

ಕಳೆದ ವರ್ಷ ಅಂಕಲ್‌ಗೆ ಈಗ ಬ್ಯಾನ್ ಇಲ್ಲ, ಮೊಬೈಲಿನಲ್ಲಿ ತೆಗೆಯಬಹುದು ಎಂದು ಗೊತ್ತಾಯಿತು. ಈಜಿಪ್ಟ್ ಪ್ರವಾಸಕ್ಕೆಂದು ವಾಟ್ಸ್ಯಾಪ್ ಗುಂಪಿನಲ್ಲಿ ಮತದಾನ ನಡೆಯಿತು. ಡಿಸೆಂಬರ್ ರಜೆ, ನಾನೂ ಸುಧೀರೂ ಸೇರಿ ಎಂಟು ಜನ, ನಾಯಕ ಸುಭಾಷ್. ಸುಭಾಷ್ ಹಿಂದೆ ಮುಂದೆ ನೋಡದೆ ಒಪ್ಪಿಕೊಂಡ. ಒಂದು ವಾರದಲ್ಲಿ ಇಪ್ಪತ್ತಾರು ಪುಟದ ಕಾರ್ಯಕ್ರಮ ಪಟ್ಟಿ ಬಂತು. ಏಳನೇ ಪುಟದಲ್ಲಿ ದಪ್ಪ ಅಕ್ಷರದಲ್ಲಿ 'ಸಂಡಿಗೆ ದರ್ಶನ, ಇಪ್ಪತ್ತು ನಿಮಿಷ' ಎಂದಿತ್ತು.

ಅದಾಗಿ ಎರಡನೇ ದಿನ ಸಂಜೆ ಸರಳಾ ನನ್ನನ್ನು ಬ್ಲಾಕಿನ ಕೆಳಗಿನ ತೆರೆದ ಜಾಗಕ್ಕೆ, ವಾಯ್ಡ್ ಡೆಕ್‌ಗೆ ಕರೆದಳು. ಅಲ್ಲಿ ಕಲ್ಲಿನ ಮೇಜಿನ ಮೇಲೆ ಇಬ್ಬರು ಅಜ್ಜಂದಿರು ಚದುರಂಗ ಆಡುತ್ತಿದ್ದರು. ನಾವು ಆಚೆ ಬೆಂಚಿನಲ್ಲಿ ಕೂತೆವು. ಆಫೀಸಿನ ಬ್ಯಾಡ್ಜು ಇನ್ನೂ ಅವಳ ಕೊರಳಲ್ಲಿತ್ತು.

"ಪ್ರಫುಲ್ಲಾ, ನಿಂಗೊಂದು ವಿಷಯ ಹೇಳ್ತೀನಿ. ಸುಧೀರ್‌ಗೂ ಹೇಳ್ಬೇಡ. ನಮ್ಮನೆಯವರು ಒಳಗೆ ಹೋಗಿಲ್ಲ."

"ಎಲ್ಲಿಗೆ?"

"ಎಲ್ಲಿಗೂ. ಒಂದು ದೇವಸ್ಥಾನಕ್ಕಿಲ್ಲ, ಒಂದು ಸಮಾಧಿಗಿಲ್ಲ. ಪಿರಮಿಡ್ ಮುಂದೆ ಫೋಟೋ ಆಯ್ತಲ್ಲ, ಅಷ್ಟೇ. ಆಮೇಲೆ ನೈಲ್ ಕ್ರೂಸ್ ನಾಲ್ಕು ದಿನ. ನಾಲ್ಕು ದಿನಾನೂ ಕ್ಯಾಬಿನ್ ಬಾತ್‌ರೂಮಲ್ಲೇ ಇದ್ರು."

ಹೊರಗಿನದು ತಿಂದರೆ ಹೊಟ್ಟೆ ಕೆಡುತ್ತದೆ ಎಂದು ಸುಭಾಷ್ ವುಡ್‌ಲ್ಯಾಂಡ್ಸಿನಿಂದಲೇ ಮೊಸರನ್ನ ಕಲಸಿ ಒಯ್ದಿದ್ದ. ಹೋಟೆಲಿನ ಬಿಸಿ ಊಟವನ್ನು ಬದಿಗಿಟ್ಟು, ಮೂರು ದಿನದ ಆ ಮೊಸರನ್ನವನ್ನು ಮನೆಯದು ಎಂಬ ನಂಬಿಕೆಯಿಂದ ತಿಂದಿದ್ದ. ನನಗೆ ನಗು ತಡೆಯಲಾಗಲಿಲ್ಲ. ಅಜ್ಜಂದಿರು ತಿರುಗಿ ನೋಡಿದರು.

"ನಗ್ಬೇಡ. ಅಂದ್ರೆ ಇವರು ಹೇಳೋದೆಲ್ಲ ನಾನು ಹೇಳಿದ್ದು. ದಿನಾ ಸಾಯಂಕಾಲ ಕ್ಯಾಬಿನ್‌ಗೆ ಬರ್ತಿದ್ದ ಹಾಗೆ, ಒಳಗೆ ಏನಿತ್ತು, ಒಳಗೆ ಏನಿತ್ತು ಅಂತ ಕೇಳೋರು. ಚಿಕ್ಕ ಹುಡುಗ ಆಗಿದ್ದಾಗಿಂದ ಈಜಿಪ್ಟ್ ಅಂತ ಕನಸು ಕಂಡವರು. ದಿಂಬಿಗೆ ಒರಗಿಕೊಂಡು ನೋಟ್‌ಬುಕ್ಕಲ್ಲಿ ಬರ್ಕೋತಿದ್ರು. ಕಣ್ಣಲ್ಲಿ ನೀರು."

"ಅದರಲ್ಲೇನು ತಪ್ಪು? ನೀನು ನೋಡಿದ್ದನ್ನ ಹೇಳಿದೆ."

ಅವಳು ಸ್ವಲ್ಪ ಹೊತ್ತು ಬ್ಯಾಡ್ಜಿನ ದಾರ ತಿರುಚಿದಳು. "ನಾನೂ ಒಳಗೆ ಹೋಗಿಲ್ಲ."

ಬೋಟು ಹತ್ತಿದ ಬೆಳಿಗ್ಗೆಯೇ ಅವಳು ಮುಟ್ಟಾಗಿದ್ದಳು. ದೇವಸ್ಥಾನದ ಬಾಗಿಲಿನವರೆಗೆ ಎಲ್ಲರ ಜೊತೆ ನಡೆದು ಹೋಗಿ, ಗೈಡ್ ಹೊರಗೆ ನಿಂತು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಎಲ್ಲರೂ ಒಳಗೆ ಹೋದ ಮೇಲೆ ಕಂಬದ ನೆರಳಿನಲ್ಲಿ ಕೂತಿದ್ದಳು. ನಾಲ್ಕು ದಿನ, ಐದು ದೇವಸ್ಥಾನ.

ನನಗೆ ಸಿಟ್ಟು ಬಂತು. "ಅಲ್ಲ ಸರಳಾ, ಆ ದೇವರಿಗೆ ಪೂಜೆ ನಿಂತು ಸಾವಿರದೈನೂರು ವರ್ಷ ಆಗಿದೆ. ಗರ್ಭಗುಡೀಲಿ ಬಾವಲಿ ಬಿಟ್ರೆ ಯಾರೂ ಇಲ್ಲ. ನಿನ್ನ ಕೇಳೋರು ಯಾರಿದ್ರು ಅಲ್ಲಿ?"

"ಯಾರ ದೇವರಾದ್ರೂ ದೇವರೇ ಅಲ್ವಾ. ಬಾಗಿಲಿನ ಹತ್ರ ಹೋಗ್ತಿದ್ದ ಹಾಗೆ ಕಾಲೇ ಬರ್ಲಿಲ್ಲ."

"ಸಮಾಧಿ ದೇವಸ್ಥಾನ ಅಲ್ವಲ್ಲ."

"ಗೋಡೆ ತುಂಬಾ ದೇವರೇ ಅಂತ ಗೈಡ್ ಹೇಳ್ದ. ಅದಕ್ಕೇ ಅಲ್ಲಿಗೂ ಹೋಗ್ಲಿಲ್ಲ."

ಮತ್ತೆ ಬಯ್ಯುವ ಹಕ್ಕು ನನಗಿರಲಿಲ್ಲ. ನನ್ನ ಮನೆಯಲ್ಲೂ ಆ ಮೂರು ದಿನ ದೀಪ ಹಚ್ಚುವವನು ಸುಧೀರ್. ನಾನಾಗಿದ್ದರೂ ಆ ಕಂಬದ ನೆರಳಿನಲ್ಲೇ ಕೂರುತ್ತಿದ್ದೆ, ಅವಳ ಪಕ್ಕ.

ಗೈಡ್ ಹೇಳಿದ್ದು, ಊಟದ ಮೇಜಿನಲ್ಲಿ ಉಳಿದ ಪ್ರವಾಸಿಗಳು ಹೇಳಿಕೊಂಡದ್ದು, ಒಂದು ಪುಸ್ತಕ, ಇಷ್ಟನ್ನು ಸೇರಿಸಿ ಅವಳು ಗಂಡನಿಗೆ ಸಂಜೆಸಂಜೆ ಈಜಿಪ್ಟ್ ಕಟ್ಟಿಕೊಟ್ಟಿದ್ದಳು. ಒಂದು ದಿನ ಹೇಳಲು ಏನೂ ಉಳಿದಿರಲಿಲ್ಲ. ಬಸ್ಸು ನಿಂತ ಕಡೆ ರಸ್ತೆಯಾಚೆ ಒಂದು ಮನೆಯ ಮುಂದೆ ಹೆಂಗಸೊಬ್ಬಳು ರೊಟ್ಟಿಯ ಹಿಟ್ಟನ್ನು ಮುದ್ದೆ ಮಾಡಿ ಬಿಸಿಲಿಗೆ ಇಟ್ಟು ಹಕ್ಕಿ ಓಡಿಸುತ್ತಿದ್ದಳು. ಆ ಕಡೆ ಹಿಟ್ಟು ಬಿಸಿಲಲ್ಲೇ ಹುದುಗು ಬರುತ್ತದಂತೆ. ಸರಳಾ ಅವಳನ್ನು ಎತ್ತಿ ಗೋಡೆಯ ಮೇಲೆ ಇಟ್ಟುಬಿಟ್ಟಳು. ಎರಡನೇ ಸಮಾಧಿ, ಎಡಗಡೆ.

"ಇವರು ನಕ್ಕರು ಕಣೆ. ಎರಡು ದಿನ ಆದ್ಮೇಲೆ ಮೊದಲನೇ ಸಲ ನಕ್ಕರು. ಇದನ್ನೇ ಸ್ಟೇಜ್ ಮೇಲೆ ನಿಂತು ಕಣ್ಣಾರೆ ಕಂಡೆ ಅಂತಾರೆ ಅಂತ ನಂಗೇನು ಗೊತ್ತು."

"ಈಗ್ಲಾದ್ರೂ ಸುಭಾಷ್‌ಗೆ ಹೇಳು. ಟ್ರಿಪ್ ಕ್ಯಾನ್ಸಲ್ ಮಾಡ್ಲಿ."

"ಹೇಳ್ಬೇಕು. ಆದ್ರೆ ಹೇಳಿದ್ರೆ ಟ್ರಿಪ್ ಹೋಗತ್ತೆ." ಅವಳು ನನ್ನ ಕಡೆ ತಿರುಗಿದಳು. "ನಂಗೆ ಐವತ್ತೆರಡು. ಅದೆಲ್ಲ ನಿಂತು ಎರಡು ವರ್ಷ ಆಯ್ತು. ನಂಗೆ ಒಳಗೆ ಹೋಗಿ ನೋಡ್ಬೇಕು ಪ್ರಫುಲ್ಲಾ. ಹನ್ನೆರಡು ವರ್ಷ ಬೇರೆಯವರ ಬಾಯಲ್ಲಿ ಕೇಳ್ದೆ. ಆದ್ರೆ ನಾವೆಲ್ಲ ಒಳಗೆ ಹೋದ್ರೆ ಇವರ ಮಾನ ಹೋಗತ್ತೆ."

ಹೇಳುತ್ತೇನೆ ಹೇಳುತ್ತೇನೆ ಎನ್ನುತ್ತಲೇ ಅವಳು ಚಾಂಗಿ ವಿಮಾನ ನಿಲ್ದಾಣದವರೆಗೆ ಬಂದಳು, ಅಲ್ಲಿಂದ ಈಜಿಪ್ಟಿನ ಲಕ್ಸರ್‌ವರೆಗೂ ಬಂದಳು. ಹೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ರಾಜರ ಕಣಿವೆಗೆ ನಾವು ತಲುಪಿದ್ದು ಬೆಳಿಗ್ಗೆ ಏಳಕ್ಕೆ. ಬೋಳು ಗುಡ್ಡ, ಹುಲ್ಲುಕಡ್ಡಿಯೂ ಇಲ್ಲ. ಒಂದು ಟಿಕೆಟ್ಟಿಗೆ ಮೂರು ಸಮಾಧಿ. ಗೈಡ್‌ಗಳು ಒಳಗೆ ಮಾತಾಡುವಂತಿಲ್ಲ, ಹೊರಗೇ ಹೇಳಿ ನಿಂತುಬಿಡಬೇಕು ಎಂಬುದು ಅಲ್ಲಿನ ನಿಯಮ. ಸುಭಾಷ್‌ಗೆ ಅದಕ್ಕಿಂತ ಹಿತವಾದ ನಿಯಮ ಇನ್ನೊಂದಿರಲಿಲ್ಲ. ಟೋಪಿ ಸರಿಮಾಡಿಕೊಂಡು, "ಒಳಗೆ ನಾನಿದೀನಿ" ಎಂದ. ಅಶ್ವತ್ಥನಾರಾಯಣ ಅಂಕಲ್ ಚೀಲದಿಂದ ಅಳತೆ ಟೇಪು, ಭೂತಗನ್ನಡಿ, ಮತ್ತು ಲಿಟಲ್ ಇಂಡಿಯಾದಲ್ಲಿ ಕೊಂಡ ಒಂದು ಪೊಟ್ಟಣ ಅರಳು ಸಂಡಿಗೆ ತೆಗೆದರು. ಚಿತ್ರದ ಪಕ್ಕದಲ್ಲಿ ಹಿಡಿದು ಫೋಟೋ ತೆಗೆದರೆ ಹೋಲಿಕೆ ಸ್ಪಷ್ಟವಾಗುತ್ತದಂತೆ.

ಮೊದಲ ಸಮಾಧಿಯನ್ನು ಯಾರೂ ನೋಡಲಿಲ್ಲ. ಸಂಡಿಗೆ ಇರುವುದು ಎರಡನೆಯದರಲ್ಲಿ ತಾನೆ. ಮೂರು ಸಾವಿರ ವರ್ಷ ಉಳಿದುಕೊಂಡ ಬಣ್ಣವನ್ನು ನಮ್ಮವರು ಎಂಟು ನಿಮಿಷದಲ್ಲಿ ದಾಟಿ ಹೊರಗೆ ಬಂದರು. ಸರಳಾ ಮಾತ್ರ ಹೊಸ್ತಿಲಿನಲ್ಲಿ ಚಪ್ಪಲಿ ಬಿಟ್ಟಳು. ಕಾವಲಿನವನು ಹಾಕಿಕೋ ಎಂದು ಕೈಸನ್ನೆ ಮಾಡಿದ. ಅವಳು ಹಾಕಿಕೊಂಡು, ಒಂದು ಕ್ಷಣ ನಿಂತು, ಒಳಗೆ ಕಾಲಿಟ್ಟಳು. ಗಾಢ ನೀಲಿಯ ಸೂರು, ಅದರ ತುಂಬಾ ಹಳದಿ ನಕ್ಷತ್ರ. ಗೋಡೆಯ ಮೇಲೆ ದೋಣಿಗಳು, ಹಾವುಗಳು, ಗಿಡುಗದ ಮುಖದ ದೇವರು ರಾಜನ ಕೈ ಹಿಡಿದು ನಡೆಸುತ್ತಿರುವುದು. ಪೇಂಟು ನಿನ್ನೆ ಒಣಗಿದ ಹಾಗಿತ್ತು. ಅವಳು ಕತ್ತೆತ್ತಿ ನೋಡಲು ಶುರುಮಾಡುವಷ್ಟರಲ್ಲಿ ಹೊರಗಿನಿಂದ, "ಸರಳಾ, ಬೇಗ ಬಾ, ಎರಡನೇದಕ್ಕೆ ಕ್ಯೂ ಆಗ್ತಿದೆ" ಎಂದು ಗಂಡನ ದನಿ ಬಂತು. ಅವಳು ಸೂರಿನಿಂದ ಕಣ್ಣು ಕಿತ್ತು ಹೊರಗೆ ನಡೆದಳು.

ಎರಡನೆಯದರಲ್ಲಿ ಸುಭಾಷ್ ಎಡಗೋಡೆಗೆ ಬೆನ್ನು ಹಾಕಿ, ನಮ್ಮ ಕಡೆ ಮುಖ ಮಾಡಿ ನಿಂತ. ದನಿ ತಗ್ಗಿಸಿದ. "ಒಬ್ಬ ಹೆಂಗಸು ಬಿಸಿಲಲ್ಲಿ..." ಎಂದು ಪೂರ್ತಿ ಹೇಳಿ, ಕೈಯನ್ನು ಹಿಂದಕ್ಕೆ ಚಾಚಿ ತೋರಿಸಿದ. ನಾವು ನೋಡಿದೆವು. ಅಲ್ಲಿ ಒಂದು ದೊಡ್ಡ ಹಾವು, ಅದರ ಮೇಲೆ ಕೈಕಟ್ಟಿದ ಕೈದಿಗಳ ಸಾಲು.

"ಇನ್ನೂ ಮುಂದೆ ಇರ್ಬೇಕು" ಎಂದ ಸುಭಾಷ್. ಮುಂದೆ ನರಿಮುಖದ ದೇವರು ಇದ್ದ. ಅದರ ಮುಂದೆ ದೋಣಿ. ಸುಭಾಷ್ ಮೊಬೈಲ್ ಟಾರ್ಚು ಹೊತ್ತಿಸಿ ಎಡಗೋಡೆಯ ಕೊನೆಯವರೆಗೆ ಹೋದ, ಬಲಗೋಡೆ ಹಿಡಿದು ವಾಪಸು ಬಂದ. ಅವನ ಕುತ್ತಿಗೆಯಲ್ಲಿ ಬೆವರು. ಅವನು ಸುಳ್ಳು ಹುಡುಕುತ್ತಿರಲಿಲ್ಲ, ನಿಜವಾಗಿಯೂ ಆ ಹೆಂಗಸನ್ನು ಹುಡುಕುತ್ತಿದ್ದ. ಹೆಂಡತಿ ನೋಡಿದ್ದಾಳೆ ಎಂದ ಮೇಲೆ ಇರಲೇಬೇಕು ಎಂದು ಅವನಿಗೆ ಅನುಮಾನವೇ ಇರಲಿಲ್ಲ. ಅಂಕಲ್ ಸಂಡಿಗೆ ಪೊಟ್ಟಣ ಹಿಡಿದು ಅವನ ಹಿಂದೆಯೇ ನಡೆದರು.

"ಸುಭಾಷ್, ನೀವೇ ಕಂಡಿದ್ದಲ್ವಾ?" ಎಂದರು ಅಂಕಲ್.

ಆಗ ಸರಳಾ ಮುಂದೆ ಬಂದಳು. "ಅದು ಇಲ್ಲಿಲ್ಲ ಅಂಕಲ್. ಎಲ್ಲೂ ಇಲ್ಲ. ಆ ಹೆಂಗಸನ್ನ ನಾನು ರೋಡಲ್ಲಿ ನೋಡಿದ್ದು. ನಾನು ಆಗ ಒಳಗೇ ಹೋಗಿರ್ಲಿಲ್ಲ. ತಪ್ಪು ನಂದು."

ಹನ್ನೆರಡು ವರ್ಷದ ಭಾರ ಅವಳು ಇಳಿಸಿದ್ದಳು, ಎತ್ತಿಕೊಳ್ಳುವುದು ಸುಭಾಷನ ಸರದಿ. ಅವನು ಹೆಂಡತಿಯ ಮುಖ ನೋಡಿದ. ನಾನೂ ಒಳಗೆ ಹೋಗಿರಲಿಲ್ಲ ಎಂಬ ಮೂರು ಪದ ಅವನ ಬಾಯಿಗೆ ಬಂದದ್ದು ನನಗೆ ಕಂಡಿತು. ಅವನು ಅದನ್ನು ನುಂಗಿದ.

"ಇವಳಿಗೆ ಬಿಸಿಲು ಬಡಿದಿದೆ" ಎಂದ. "ಇಲ್ನೋಡಿ ಅಂಕಲ್, ಇಲ್ಲಿ ಗಾರೆ ಹೋಗಿದೆ. ಇಲ್ಲೇ ಇದ್ದಿದ್ದು. ತೆಗೆದು ಮ್ಯೂಸಿಯಂಗೆ ಶಿಫ್ಟ್ ಮಾಡಿರ್ತಾರೆ."

ಒಂದು ಮೊಳದಷ್ಟು ಗಾರೆ ಉದುರಿ ಬರೀ ಕಲ್ಲು ಕಾಣುತ್ತಿತ್ತು. ಅಂಕಲ್ ಭೂತಗನ್ನಡಿ ಹಿಡಿದು ನೋಡಿದರು. ಅವರ ಮುಖ ನಿಧಾನವಾಗಿ ಬೆಳಗಿತು. "ತೆಗೆದಿದಾರೆ ಅಂದ್ರೆ ಏನೋ ಮುಚ್ಚಿಡ್ತಾ ಇದಾರೆ ಅಂತ ಅರ್ಥ. ಇದು ಒಂದು ಕಂತಲ್ಲಿ ಮುಗಿಯೋ ವಿಷಯ ಅಲ್ಲ." ಟೇಪು ಬಿಚ್ಚಿ ಖಾಲಿ ಜಾಗದ ಉದ್ದಗಲ ಅಳೆದರು. ಆಮೇಲೆ ಸಂಡಿಗೆ ಪೊಟ್ಟಣವನ್ನು ಬೋಳುಕಲ್ಲಿನ ಪಕ್ಕ ಹಿಡಿದು ಫೋಟೋ ತೆಗೆಸಿಕೊಂಡರು. ಉಳಿದವರೂ ಒಬ್ಬೊಬ್ಬರಾಗಿ ತೆಗೆಸಿಕೊಂಡರು. ನನ್ನ ಗಂಡನೂ. ಅತ್ತಿತ್ತ ಗೋಡೆ ತುಂಬಾ ದೇವರುಗಳು ನಿಂತಿದ್ದರು. ಯಾರ ಮೊಬೈಲೂ ಆ ಕಡೆ ತಿರುಗಲಿಲ್ಲ. ಸರಳಾ ಹೇಳಿದ ನಿಜ ಯಾರ ಕಿವಿಗೂ ಬಿದ್ದಿರಲಿಲ್ಲ. "ಸರಳಾ ಒಳ್ಳೇ ಜೋಕ್ ಮಾಡಿದ್ರಿ" ಎಂದು ಯಾರೋ ಅವಳ ಬೆನ್ನು ತಟ್ಟಿ ಹೋದರು.

ಹೊರಗೆ ಚಪ್ಪರದ ನೆರಳಿನಲ್ಲಿ ಬೆಂಚುಗಳಿದ್ದವು. ಮೂರನೆಯದಕ್ಕೆ ಯಾರಿಗೂ ಉತ್ಸಾಹ ಇರಲಿಲ್ಲ. ಕಂಡದ್ದಾಯಿತು, ಒಳಗೆ ಸೆಕೆ ಬೇರೆ. ಸುಭಾಷ್ ಹೆಂಡತಿಯ ಪಕ್ಕ ಬಂದು ಕೂತ. ನಾನು ಹಿಂದಿನ ಬೆಂಚಿನಲ್ಲಿದ್ದೆ, ಕೇಳಿಸಿಕೊಳ್ಳಲೆಂದೇ ಕೂತಿದ್ದೆ ಎನ್ನಲು ನನಗೇನೂ ನಾಚಿಕೆಯಿಲ್ಲ.

"ನಿಜವಾಗ್ಲೂ ನೀನು ಒಳಗೆ ಹೋಗಿರ್ಲಿಲ್ವಾ?"

"ಇಲ್ಲ."

"ಒಂದಕ್ಕೂ?"

"ಒಂದಕ್ಕೂ. ಬೋಟ್ ಹತ್ತಿದ ದಿನಾನೇ ಮುಟ್ಟಾಗಿದ್ದೆ."

ಅವನು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. "ಹನ್ನೆರಡು ವರ್ಷ ನಂಗೆ ಹೇಳ್ಲಿಲ್ಲ."

"ಒಳಗೆ ಏನಿತ್ತು ಅಂತ ಕೇಳಿದ್ರಿ, ಹೇಳ್ದೆ. ನೀನು ಹೋದ್ಯಾ ಅಂತ ಯಾವತ್ತೂ ಕೇಳ್ಲಿಲ್ಲ ನೀವು."

ಅಷ್ಟು ಹೇಳಿ ಎದ್ದಳು. ಟಿಕೆಟ್ ಕೈಯಲ್ಲಿ ಹಿಡಿದುಕೊಂಡು ಮೂರನೇ ಸಮಾಧಿಯ ಕಡೆ ನಡೆದಳು. "ನಾನೂ ಬರ್ಲಾ" ಎಂದೆ. "ಬೇಡ ಪ್ರಫುಲ್ಲಾ, ನೀನು ಆಮೇಲೆ ಹೋಗು" ಎಂದಳು.

ನಲವತ್ತು ನಿಮಿಷ ಕಳೆಯಿತು. ಅಷ್ಟರಲ್ಲಿ ಸುಭಾಷ್ ಮತ್ತೆ ಟೋಪಿ ಹಾಕಿಕೊಂಡು, ಗೋಡೆಯಿಂದ ಚಿತ್ರ ಕತ್ತರಿಸಿ ತೆಗೆಯುವ ವಿಧಾನವನ್ನು ಅಂಕಲ್‌ಗೆ ವಿವರಿಸತೊಡಗಿದ್ದ. ಅದನ್ನು ಅವನಿಗೆ ಯಾರು ಹೇಳಿದ್ದರೋ ತಿಳಿಯದು. ಸರಳಾ ಬಂದಳು. ಅತ್ತಿರಬೇಕು, ಮುಖ ತೊಳೆದ ಹಾಗೆ ಹಗುರಾಗಿತ್ತು. ಅವಳನ್ನು ಅಷ್ಟು ಚೆಲುವಾಗಿ ನಾನು ಎಂದೂ ಕಂಡಿರಲಿಲ್ಲ.

ಎಲ್ಲರೂ ಹೇಗಿತ್ತು ಹೇಗಿತ್ತು ಎಂದರು. ಸುಭಾಷ್ ಮಾತು ನಿಲ್ಲಿಸಿ ಮೊಬೈಲ್ ತೆಗೆದು ಬೆರಳು ಸಿದ್ಧಮಾಡಿಕೊಂಡ. "ಒಳಗೆ ಏನೇನಿತ್ತು ಹೇಳು."

ಸರಳಾ ನೀರಿನ ಬಾಟಲಿಯ ಮುಚ್ಚಳ ತೆಗೆದು ಸಾವಕಾಶವಾಗಿ ಕುಡಿದಳು. "ಹೇಳಲ್ಲ ರೀ" ಎಂದಳು. "ನಿಮ್ಮ ಹತ್ರಾನೂ ಟಿಕೆಟ್ ಇದೆ."

ದನಿಯಲ್ಲಿ ಕೋಪ ಇರಲಿಲ್ಲ. ಸುಭಾಷ್ ಕಾದ. ಅವಳು ಬಾಟಲಿ ಮುಚ್ಚಿ ಚೀಲಕ್ಕೆ ಹಾಕಿದಳು. ಅವನು ನಮ್ಮನ್ನೊಮ್ಮೆ, ಬಸ್ಸನ್ನೊಮ್ಮೆ ನೋಡಿ, ಕೊನೆಗೆ ಟೋಪಿ ತೆಗೆದು ಬೆಂಚಿನ ಮೇಲಿಟ್ಟು ಒಬ್ಬನೇ ಇಳಿಜಾರು ಇಳಿದು ಹೋದ.

ಅರ್ಧ ಗಂಟೆಯ ಮೇಲೆ ಬಂದ. ಅಂಕಲ್ ಪುಸ್ತಕ ತೆರೆದು, "ಏನಾದ್ರೂ ಸಿಕ್ತಾ?" ಎಂದರು. ಸುಭಾಷ್ ಬಾಯಿ ತೆರೆದ, ಮುಚ್ಚಿದ, ಬಂದು ಬೆಂಚಿನ ತುದಿಯಲ್ಲಿ ಕೂತ. ಬಸ್ಸಿನಲ್ಲಿ ಡ್ರೈವರ್ ಮೈಕು ಕೊಟ್ಟಾಗ ಬೇಡ ಎಂದು ಕೈ ಆಡಿಸಿದ. ಕಿಟಕಿಯ ಕಡೆ ಮುಖ ಮಾಡಿದ್ದ ಅವನ ಕಣ್ಣು ಕೆಂಪಾಗಿತ್ತು. ಯಾರಾದರೂ ಏನಾಯಿತು ಎಂದು ಕೇಳಲಿ ಎಂದು ಕಾಯುತ್ತಿರುವವನ ಹಾಗೆ ಎರಡು ಮೂರು ಸಲ ಹೆಂಡತಿಯ ಕಡೆ ತಿರುಗಿದ.

ಸರಳಾ ಅವನಿಗೆ ನೀರು ಕೊಟ್ಟಳು. ಒಳಗೆ ಏನಿತ್ತು ಎಂದು ಕೇಳಲಿಲ್ಲ.